ಕೈಯಲ್ಲಿ ಹಿಡಿದದ್ದು ಚೌಕವಲ್ಲ

ಮೂರನೇ ತರಗತಿಯ ಗಣಿತದ ಅವಧಿಯಲ್ಲಿ ಒಬ್ಬ ಹುಡುಗಿ ಕೊಟ್ಟ ಸರಿಯಾದ ಉತ್ತರವನ್ನು ನಾನು ತಪ್ಪೆಂದು ಹೇಳಿ ಕೂರಿಸಿದ್ದೇನೆ. ಅಂದು ತರಗತಿ ವೀಕ್ಷಣೆಯಿತ್ತು. ಹಿಂದಿನ ಬೆಂಚಿನಲ್ಲಿ ಅಧಿಕಾರಿಯೊಬ್ಬರು ನಮೂನೆ ಹಿಡಿದು ಕುಳಿತಿದ್ದರು, ಪಕ್ಕದಲ್ಲಿ ನಮ್ಮ ಮುಖ್ಯೋಪಾಧ್ಯಾಯರಿದ್ದರು. ಎರಡು ವರ್ಷ ಕಳೆದರೂ ಆಕೃತಿಗಳ ಘಟಕ ಬಂದಾಗಲೆಲ್ಲ ಆ ಹುಡುಗಿ ಪ್ಲಾಸ್ಟಿಕ್ ಬಿಲ್ಲೆಯ ಬದಿಯನ್ನು ಹೆಬ್ಬೆರಳಿನ ಉಗುರಿನಿಂದ ಸವರುತ್ತಿದ್ದುದು ಕಣ್ಣಿಗೆ ಕಟ್ಟುತ್ತದೆ.

ಪಾಠ ಯೋಜನೆಯನ್ನು ಹಿಂದಿನ ದಿನವೇ ಬರೆದು ಸಹಿ ಮಾಡಿಸಿಕೊಂಡಿದ್ದೆ. ಮೊದಲ 10 ನಿಮಿಷ ಸಮತಲಾಕೃತಿಗಳ ಪುನರಾವರ್ತನೆ, ಆಮೇಲೆ 20 ನಿಮಿಷ ಘನಾಕೃತಿಗಳು, ಕೊನೆಯ 10 ನಿಮಿಷ ಮೌಲ್ಯಮಾಪನ. ನಮಗೆ ಬಂದಿದ್ದ ಗಣಿತ ಕಿಟ್‌ನಲ್ಲಿ ಎರಡು ಪೆಟ್ಟಿಗೆಗಳಿದ್ದವು. 'ಸಮತಲಾಕೃತಿಗಳು' ಎಂದು ಚೀಟಿ ಅಂಟಿಸಿದ್ದ ಪೆಟ್ಟಿಗೆಯಲ್ಲಿ ಕೆಂಪು, ನೀಲಿ, ಹಳದಿ ಬಣ್ಣದ ಚಪ್ಪಟೆ ಬಿಲ್ಲೆಗಳು. 'ಘನಾಕೃತಿಗಳು' ಎಂದಿದ್ದ ಪೆಟ್ಟಿಗೆಯಲ್ಲಿ ಘನ, ಗೋಳ, ಶಂಕು, ಸಿಲಿಂಡರ್. ಚೀಟಿಯನ್ನು ಅನುಮಾನಿಸಬೇಕೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಅದಕ್ಕೂ ಎರಡು ದಿನ ಮೊದಲು ಸೀಮೆಸುಣ್ಣದ ಪೆಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸಿ ಮುಖ, ಅಂಚು, ಶೃಂಗಗಳನ್ನು, ಅಂದರೆ ಮೂಲೆಗಳನ್ನು, ಎಣಿಸುವುದನ್ನು ನಾನೇ ಕಲಿಸಿದ್ದೆ. ಆರು ಮುಖ, ಹನ್ನೆರಡು ಅಂಚು, ಎಂಟು ಶೃಂಗ ಇದ್ದು, ಮುಖಗಳೆಲ್ಲ ಆಯತವಾಗಿದ್ದರೆ ಅದು ಆಯತಘನವೆಂದು ಮಕ್ಕಳು ಹಾಡಿನಂತೆ ಹೇಳುತ್ತಿದ್ದರು.

ಕೆಂಪು ಬಿಲ್ಲೆಗಳನ್ನು ಗುಂಪಿಗೊಂದರಂತೆ ಹಂಚಿ "ಇದು ಯಾವ ಆಕೃತಿ?" ಎಂದು ಕೇಳಿದೆ. ತರಗತಿ ಒಕ್ಕೊರಲಿನಿಂದ "ಚೌಕ" ಎಂದಿತು. ನಾನು ಮುಂದಿನ ಬಿಲ್ಲೆಗೆ ಕೈ ಹಾಕುವಷ್ಟರಲ್ಲಿ ಎರಡನೇ ಸಾಲಿನಿಂದ ಆ ಹುಡುಗಿ ಎದ್ದು ನಿಂತು, "ಟೀಚರ್, ಇದು ಆಯತಘನ" ಎಂದಳು. ಹಿಂದಿನ ಬೆಂಚಿನಲ್ಲಿ ಬರೆಯುತ್ತಿದ್ದ ಪೆನ್ನು ನಿಂತಿತು. "ಸರಿಯಾಗಿ ನೋಡು, ನಾಲ್ಕು ಬಾಹುಗಳೂ ಸಮ ಇವೆಯಲ್ಲ?" ಎಂದು ಕೇಳಿದೆ. ಅವಳು ಬಿಲ್ಲೆಯನ್ನು ಕಣ್ಣಿನ ಹತ್ತಿರಕ್ಕೆ ತಂದು, ಮೇಲೊಂದು ಬೆರಳು ಕೆಳಗೊಂದು ಬೆರಳು ಒತ್ತಿ ಹಿಡಿದು, ಹೆಬ್ಬೆರಳಿನ ಉಗುರನ್ನು ಬದಿಯುದ್ದಕ್ಕೂ ಎಳೆಯುತ್ತ ಹೋದಳು. ಮೂಲೆ ಬಂದಾಗಲೆಲ್ಲ ಉಗುರು ತಡೆದು ನಿಂತು ತಿರುಗುತ್ತಿತ್ತು. "ಮೇಲೆ ಒಂದು, ಕೆಳಗೆ ಒಂದು, ಇಲ್ಲಿ ಸಣ್ಣಸಣ್ಣದು ನಾಲ್ಕು. ಆರು ಮುಖ ಇದೆ ಟೀಚರ್."

ಆಮೇಲಿನ ಅರ್ಧ ನಿಮಿಷ ನನಗೆ ಈಗಲೂ ಚುಚ್ಚುತ್ತದೆ. ಅವಳು ಹೇಳಿದ್ದು ಸರಿಯಿರಬಹುದೆಂಬ ಅಳುಕು ಒಳಗೆಲ್ಲೋ ಎದ್ದಿತ್ತು. ಆದರೆ ಗೋಡೆ ಗಡಿಯಾರ ಏಳನೇ ನಿಮಿಷ ತೋರಿಸುತ್ತಿತ್ತು, ಹತ್ತಕ್ಕೆ ಘನಾಕೃತಿ ಶುರುವಾಗಬೇಕಿತ್ತು, ಬರೆದು ಕೊಟ್ಟ ಯೋಜನೆಯ ಪ್ರತಿ ಅಧಿಕಾರಿಯ ಮುಂದೆಯೇ ಇತ್ತು. ಈಗ ಇದನ್ನು ಬಿಡಿಸಲು ಹೋದರೆ ಉಳಿದ ಮೂವತ್ತೇಳು ಮಕ್ಕಳಿಗೆ ಗೊಂದಲವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಗೊಂದಲವಾಗಿದ್ದು ನನಗೆ. "ಅದನ್ನೆಲ್ಲ ಲೆಕ್ಕಕ್ಕೆ ತಗೋಬಾರದು. ಇದು ಚೌಕ. ಕೂತ್ಕೋ" ಎಂದೆ. ಯಾರೋ ಕಿಸಕ್ಕೆಂದರು. ಅವಳು ಬಿಲ್ಲೆಯ ಬದಿಯನ್ನು ಇನ್ನೊಮ್ಮೆ ನೋಡಿ ಮೇಜಿನ ಮೇಲಿಟ್ಟು ಕುಳಿತಳು. ಅವಧಿ ಮುಗಿಯುವವರೆಗೂ, ಮುಂದಿನ ಕೆಲವು ವಾರಗಳಲ್ಲೂ, ಅವಳ ಕೈ ಮತ್ತೆ ಮೇಲೇಳಲಿಲ್ಲ.

ವೀಕ್ಷಣಾ ವರದಿ ಮಾತ್ರ ಚೆನ್ನಾಗಿ ಬಂತು. ಬೋಧನೋಪಕರಣಗಳ ಬಳಕೆ ಉತ್ತಮ, ಸಮಯಪಾಲನೆ ಉತ್ತಮ, ತರಗತಿ ನಿರ್ವಹಣೆ ಉತ್ತಮ. ಆ ನಮೂನೆಯಲ್ಲಿ ಮಕ್ಕಳು ಏನು ಹೇಳಿದರು, ಶಿಕ್ಷಕರು ಅದಕ್ಕೆ ಏನು ಮಾಡಿದರು ಎಂದು ಬರೆಯಲು ಒಂದು ಅಂಕಣವೂ ಇಲ್ಲ. ಇದನ್ನು ಎರಡು ಸಭೆಗಳಲ್ಲಿ ಎತ್ತಿದ್ದೇನೆ. ನಮೂನೆ ಬದಲಾಗಿಲ್ಲ.

ತಪ್ಪಿನ ಆಳ ಗೊತ್ತಾದದ್ದು ಘಟಕ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುವಾಗ. ಸಮತಲಾಕೃತಿಗಳಿಗೆ ಗುರುತು ಹಾಕಿ ಎಂಬ ಪ್ರಶ್ನೆಯಲ್ಲಿ ತರಗತಿಯ ಹೆಚ್ಚಿನ ಮಕ್ಕಳು ದಾಳದ ಚಿತ್ರಕ್ಕೂ ಚೆಂಡಿನ ಚಿತ್ರಕ್ಕೂ ಗುರುತು ಹಾಕಿ, ಪಕ್ಕದಲ್ಲಿ 'ಚೌಕ', 'ವೃತ್ತ' ಎಂದು ಬರೆದಿದ್ದರು. ಆ ಹುಡುಗಿ ಪ್ರಶ್ನೆಯನ್ನೇ ಖಾಲಿ ಬಿಟ್ಟಿದ್ದಳು. ಸಿಬ್ಬಂದಿ ಕೊಠಡಿಯಲ್ಲಿ ಕುಳಿತು ಕಿಟ್‌ನಿಂದ ಒಂದು ಕೆಂಪು ಬಿಲ್ಲೆ ತೆಗೆದು ಅಳೆದೆ: ಉದ್ದ 5 ಸೆಂಟಿಮೀಟರ್, ಅಗಲ 5 ಸೆಂಟಿಮೀಟರ್, ದಪ್ಪ 4 ಮಿಲಿಮೀಟರ್. ನಾಲ್ಕು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ತುಂಡನ್ನು ಎತ್ತಿ ಹಿಡಿದು 'ಇದು ಚೌಕ' ಎಂದು ಕಲಿಸಿದ ಮೇಲೆ, ಐದು ಸೆಂಟಿಮೀಟರ್ ದಪ್ಪದ ದಾಳವನ್ನು ಚೌಕವಲ್ಲ ಎನ್ನಲು ಮಗುವಿಗೆ ಏನು ಆಧಾರ? ಎಷ್ಟು ದಪ್ಪವಾದರೆ ಚೌಕವು ಘನವಾಗುತ್ತದೆ ಎಂದು ನಾನು ಎಲ್ಲೂ ಹೇಳಿರಲಿಲ್ಲ, ಹೇಳಲು ಸಾಧ್ಯವೂ ಇರಲಿಲ್ಲ.

1957ರಲ್ಲಿ ನೆದರ್‌ಲ್ಯಾಂಡ್ಸ್‌ನ ಡೀನಾ ಮತ್ತು ಪಿಯರ್ ವಾನ್ ಹೀಲೆ ಎಂಬ ಶಿಕ್ಷಕ ದಂಪತಿ ತಮ್ಮ ಡಾಕ್ಟರೇಟ್ ಪ್ರಬಂಧಗಳಲ್ಲಿ ರೇಖಾಗಣಿತದ ತಿಳಿವಳಿಕೆಯನ್ನು ಹಂತಗಳಾಗಿ ವಿವರಿಸಿದ್ದನ್ನು ನಾವೆಲ್ಲ ತರಬೇತಿಯಲ್ಲಿ ಓದಿರುತ್ತೇವೆ. ಮೊದಲ ಹಂತದಲ್ಲಿ ಮಗು ಆಕೃತಿಯನ್ನು ಇಡಿಯಾಗಿ, ನೋಟದಿಂದ ಗುರುತಿಸುತ್ತದೆ. ಎರಡನೆಯದರಲ್ಲಿ ಅದರ ಗುಣಗಳನ್ನು ಎಣಿಸಿ, ಅಳೆದು ಗುರುತಿಸುತ್ತದೆ. ಶಿಕ್ಷಕರು ಮೇಲಿನ ಹಂತದಲ್ಲಿ ನಿಂತು ಮಾತನಾಡಿದರೆ ಕೆಳಗಿನ ಹಂತದಲ್ಲಿರುವ ಮಗುವಿಗೆ ತಲುಪುವುದಿಲ್ಲ ಎಂದೇ ನಾನು ಅದನ್ನು ನೆನಪಿಟ್ಟುಕೊಂಡಿದ್ದೆ. ಅಂದು ನಡೆದದ್ದು ಅದರ ತಿರುವುಮುರುವು. ಬಿಲ್ಲೆಯನ್ನು ಎಣಿಸಿ ಹೆಸರಿಸಿದವಳು ಅವಳು. ನೋಡಿದರೆ ಚೌಕದಂತಿದೆ, ಆದ್ದರಿಂದ ಚೌಕ ಎಂದು ಹಟ ಹಿಡಿದವಳು ನಾನು. ಇನ್ನೂ ಒಂದು ಮಾತಿದೆ. ಎರಡು ಮುಖಗಳು ಚೌಕವಾಗಿದ್ದರೂ ಅವಳು ಅದನ್ನು ಆಯತಘನವೆಂದಳು ಎಂದರೆ, ಚೌಕವೂ ಒಂದು ಬಗೆಯ ಆಯತವೇ ಎಂಬುದನ್ನು ಅವಳ ಉತ್ತರ ಒಳಗಿಟ್ಟುಕೊಂಡಿತ್ತು. ಐದನೇ ತರಗತಿಯ ಮಕ್ಕಳೂ ಇಲ್ಲಿ ಎಡವುತ್ತಾರೆ. ಕ್ರಿ.ಪೂ. 300ರ ಸುಮಾರಿನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕೂಡ ತನ್ನ 'ಎಲಿಮೆಂಟ್ಸ್' ಕೃತಿಯ ವ್ಯಾಖ್ಯೆಗಳಲ್ಲಿ, ಕೋನಗಳೆಲ್ಲ ಲಂಬವಾಗಿದ್ದು ಬಾಹುಗಳು ಸಮವಲ್ಲದ ಆಕೃತಿಯನ್ನೇ ಆಯತವೆಂದು ಕರೆದು ಚೌಕವನ್ನು ಹೊರಗಿಟ್ಟಿದ್ದಾನೆ. ಹಾಗಾಗಿ ಚೌಕ ಆಯತವಲ್ಲ ಎಂದು ಬರೆದ ಮಗುವಿನ ಉತ್ತರಕ್ಕೆ ಕೆಂಪು ಗೀಟು ಎಳೆಯುವ ಮುನ್ನ, ಯಾಕೆ ಎಂದು ಕೇಳುವುದನ್ನು ನಾನು ರೂಢಿಸಿಕೊಂಡಿದ್ದೇನೆ.

ಅದೇ ಕೃತಿಯ ಮೊದಲ ಸಂಪುಟದಲ್ಲಿ ಮೇಲ್ಮೈ ಎಂದರೆ ಉದ್ದ ಮತ್ತು ಅಗಲ ಮಾತ್ರ ಇರುವಂಥದ್ದು ಎಂದಿದೆ. ಹನ್ನೊಂದನೇ ಸಂಪುಟಕ್ಕೆ ಬಂದಾಗ ಘನದ ಎಲ್ಲೆಯೇ ಮೇಲ್ಮೈ ಎನ್ನಲಾಗಿದೆ. ನನಗೆ ದಾರಿ ಕಾಣಿಸಿದ್ದು ಈ ಎರಡನೇ ಮಾತು. ಚೌಕವು ಕೈಯಲ್ಲಿ ಹಿಡಿಯುವ ವಸ್ತುವಲ್ಲ, ಹಿಡಿದ ವಸ್ತುವಿನ ಎಲ್ಲೆ. ಹಾಗಿದ್ದರೆ ವಸ್ತು ಮೊದಲು ಬರಬೇಕು, ಎಲ್ಲೆ ಆಮೇಲೆ. ನಮ್ಮ ಪಠ್ಯಕ್ರಮದಲ್ಲಿ ಸಮತಲಾಕೃತಿ ಮೊದಲು, ಘನಾಕೃತಿ ನಂತರ. ಪ್ರಮೇಯಗಳ ಸಾಧನೆಗಳನ್ನು ಒಂದರ ಮೇಲೊಂದು ಕಟ್ಟುವ ಯೂಕ್ಲಿಡ್‌ನಿಗೆ ಆ ಕ್ರಮ ಬೇಕು, ಎಂಟು ವರ್ಷದ ಮಗುವಿನ ಕೈಗೆ ಬೇಡ. 1837ರಲ್ಲಿ ಜರ್ಮನಿಯಲ್ಲಿ ಚಿಕ್ಕ ಮಕ್ಕಳ ಶಾಲೆ ತೆರೆದ ಫ್ರೆಡ್ರಿಕ್ ಫ್ರೋಬೆಲ್ ರೂಪಿಸಿದ ಆಟಿಕೆಗಳ ಸರಣಿಯಲ್ಲಿ ಮೊದಲು ಚೆಂಡು. ಆಮೇಲೆ ಮರದ ಗೋಳ, ಘನ, ಸಿಲಿಂಡರ್. ನಂತರ ತುಂಡುತುಂಡಾಗಿ ಬಿಡಿಸಬಹುದಾದ ಘನಗಳು. ಏಳನೆಯ ಹಂತದಲ್ಲಿ ತೆಳು ಹಲಗೆಯ ಚೌಕ, ತ್ರಿಭುಜಗಳು. ಅಲ್ಲಿಂದ ಕಡ್ಡಿಗಳು, ಕೊನೆಗೆ ಬಿಂದುಗಳು. ಘನದಿಂದ ಮೇಲ್ಮೈಗೆ, ಮೇಲ್ಮೈಯಿಂದ ರೇಖೆಗೆ ಮಗು ಇಳಿದು ಬರುತ್ತದೆ.

ಮರುವರ್ಷದಿಂದ ನಾನು ಘನಾಕೃತಿಗಳ ಪೆಟ್ಟಿಗೆಯನ್ನೇ ಮೊದಲು ತೆರೆಯುತ್ತೇನೆ. ತಟ್ಟೆಯಲ್ಲಿ ತೆಳುವಾಗಿ ಬಣ್ಣ ಹರಡಿ, ಘನದ ಒಂದು ಮುಖವನ್ನು ಅದ್ದಿ ಹಾಳೆಯ ಮೇಲೆ ಒತ್ತಿಸುತ್ತೇನೆ. ವಸ್ತು ಕೈಯಲ್ಲಿ ಉಳಿಯುತ್ತದೆ, ಚೌಕ ಹಾಳೆಯ ಮೇಲೆ ಉಳಿಯುತ್ತದೆ, ಎರಡೂ ಬೇರೆ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಸಿಲಿಂಡರನ್ನು ನಿಲ್ಲಿಸಿ ಒತ್ತಿದರೆ ವೃತ್ತ, ಮಲಗಿಸಿ ಒಂದು ಸುತ್ತು ಉರುಳಿಸಿದರೆ ಆಯತ. ಉರುಳಿಸಿದಾಗ ಆಯತ ಬಂದ ಕ್ಷಣದಲ್ಲಿ ತರಗತಿಯಲ್ಲಿ ಏಳುವ ಸದ್ದನ್ನು ಪಕ್ಕದ ಕೊಠಡಿಯವರು ಆಕ್ಷೇಪಿಸಿದ್ದಾರೆ, ನಾನು ಕ್ಷಮೆ ಕೇಳಿದ್ದೇನೆ, ಉರುಳಿಸುವುದನ್ನು ನಿಲ್ಲಿಸಿಲ್ಲ. ಗೋಳವನ್ನು ಒತ್ತಿದರೆ ವೃತ್ತ ಬರುತ್ತದೆಂದು ಮಕ್ಕಳೆಲ್ಲ ಪಣ ಕಟ್ಟುತ್ತಾರೆ. ಹಾಳೆಯ ಮೇಲೆ ಬೀಳುವುದು ಒಂದು ಚುಕ್ಕೆ. ಆ ಚುಕ್ಕೆ ನೋಡಿದ ಮೇಲೆ ಚೆಂಡನ್ನು ವೃತ್ತವೆಂದು ಬರೆಯುವವರು ತೀರ ಕಡಿಮೆಯಾಗಿದ್ದಾರೆ.

ಮಾತಿನಲ್ಲೂ ತೊಡಕುಗಳಿವೆ. ನಾವು ತಟ್ಟೆಯನ್ನೂ ದುಂಡಗಿದೆ ಎನ್ನುತ್ತೇವೆ, ಚೆಂಡನ್ನೂ ದುಂಡಗಿದೆ ಎನ್ನುತ್ತೇವೆ. ಚೌಕಟ್ಟು ಎಂದು ಕರೆಯುವುದು ಬಹುಮಟ್ಟಿಗೆ ಆಯತವೇ ಆಗಿರುತ್ತದೆ. ಎಲ್ಲಕ್ಕಿಂತ ಕಷ್ಟ ಕೊಡುವುದು 'ಘನ'. ಗಣಿತದಲ್ಲಿ ಆರು ಚೌಕಮುಖಗಳದ್ದು ಘನ. ಶಂಕು, ಗೋಳ, ಸಿಲಿಂಡರ್‌ಗಳೆಲ್ಲ ಘನಾಕೃತಿ. ಪರಿಸರ ಪಾಠದಲ್ಲಿ ನೀರು ದ್ರವ, ಕಲ್ಲು ಘನ. ಮೂರೂ ಒಂದೇ ವಾರದಲ್ಲಿ ಬಂದಾಗ 'ಕಲ್ಲು ಘನ, ಆದ್ದರಿಂದ ಅದಕ್ಕೆ ಆರು ಮುಖ' ಎಂದು ಬರೆದ ಮಗುವಿಗೆ ಸೊನ್ನೆ ಕೊಡಲು ನನಗೆ ಕೈ ಬರಲಿಲ್ಲ. ಈಗ ನನ್ನ ಮಾತನ್ನು ಒಂದೇ ಕಡೆ ಬಿಗಿ ಮಾಡಿಕೊಂಡಿದ್ದೇನೆ. 'ಇದು ಚೌಕ' ಎನ್ನುವುದಿಲ್ಲ, 'ಇದರ ಈ ಮುಖ ಚೌಕ' ಎನ್ನುತ್ತೇನೆ. ಮಗು ಅನಿರೀಕ್ಷಿತ ಉತ್ತರ ಕೊಟ್ಟರೆ ಮೊದಲು ಕೇಳುವುದು, 'ಎಲ್ಲಿ ನೋಡುತ್ತಿದ್ದೀ, ಬೆರಳಿಟ್ಟು ತೋರಿಸು.' ಹತ್ತರಲ್ಲಿ ಏಳೆಂಟು ಸಲ ಬೆರಳೇ ಉತ್ತರ ಕೊಡುತ್ತದೆ.

ಕೀ ಉತ್ತರಗಳ ಜಗಳ ಇನ್ನೂ ಮುಗಿದಿಲ್ಲ. ಸಿಲಿಂಡರ್‌ಗೆ ಎಷ್ಟು ಅಂಚುಗಳು ಎಂಬುದಕ್ಕೆ ಒಂದು ವರ್ಷದ ಕೀ ಉತ್ತರ 0, ಇನ್ನೊಂದು ವರ್ಷದ್ದು 2. ಎರಡು ಮುಖಗಳು ಕೂಡುವ ಗೆರೆಯೇ ಅಂಚು ಎಂದು ಕಲಿಸಿದ್ದರೆ 2 ಸರಿ. ಆ ಗೆರೆ ನೇರವಾಗಿರಬೇಕೆಂದು ಕಲಿಸಿದ್ದರೆ 0 ಸರಿ. ಯಾವ ವ್ಯಾಖ್ಯೆ ಎಂದು ಪ್ರಶ್ನೆಪತ್ರಿಕೆಯಲ್ಲೇ ಹೇಳಬೇಕು, ಇಲ್ಲವೇ ಎರಡಕ್ಕೂ ಅಂಕ ಕೊಡಬೇಕು ಎಂದು ನಾನು ಬರೆದು ಕೊಟ್ಟಿದ್ದೇನೆ. ಪೆಟ್ಟಿಗೆಯ ಮೇಲಿನ ಚೀಟಿಯನ್ನು ಬದಲಿಸಲೂ ಒಪ್ಪಿಗೆ ಸಿಗಲಿಲ್ಲ, ದಾಸ್ತಾನು ಪುಸ್ತಕದಲ್ಲಿ ಹೆಸರು ಹಾಗೆಯೇ ನಮೂದಾಗಿದೆಯಂತೆ. ಬಿಲ್ಲೆಗಳನ್ನು ಮಾತ್ರ ತೆಗೆದು ಘನಾಕೃತಿಗಳ ಪೆಟ್ಟಿಗೆಗೆ ಹಾಕಿದ್ದೇನೆ.

ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಪರೀಕ್ಷೆಯ ಪತ್ರಿಕೆಗಳನ್ನು ತಿದ್ದಿದ ಮರುದಿನವೇ ತರಗತಿಯ ಎದುರು ಬಿಲ್ಲೆಯನ್ನು ಹಿಡಿದು, ಅಂದು ಅವಳು ಹೇಳಿದ್ದೇ ಸರಿ, ನಾನು ಹೇಳಿದ್ದು ತಪ್ಪು ಎಂದು ಹೇಳಿದೆ. ತಪ್ಪೆಂದು ಹೇಳಿದ್ದು ಎಲ್ಲರೆದುರಿಗೆ, ಆದ್ದರಿಂದ ಸರಿಯೆಂದು ಹೇಳುವುದೂ ಎಲ್ಲರೆದುರಿಗೇ ಆಗಬೇಕಿತ್ತು. ಅವಳು ತಲೆ ಬಗ್ಗಿಸಿ ಕುಳಿತಿದ್ದಳು, ಏನೂ ಹೇಳಲಿಲ್ಲ. ಎರಡು ವಾರದ ನಂತರ ಜಾಲಾಕೃತಿಯ, ಅಂದರೆ ಮಡಿಸಿದರೆ ಘನಾಕೃತಿಯಾಗುವ ಬಿಚ್ಚಿದ ಚಿತ್ರದ, ಪಾಠ ಬಂತು. ಇಷ್ಟವಾದ ಒಂದು ವಸ್ತುವಿಗೆ ಕಾಗದದ ಹೊದಿಕೆ ಮಾಡಿ ಎಂದಾಗ ಬಹುತೇಕರು ದಾಳವನ್ನು ಆರಿಸಿಕೊಂಡರು. ಘನವನ್ನು ಬಿಡಿಸಿ ಹಾಸುವ ವಿಧಗಳು ಒಟ್ಟು 11, ಅವುಗಳಲ್ಲಿ ಆರನ್ನು ತರಗತಿ ತಾನೇ ಕಂಡುಹಿಡಿಯಿತು. ಅವಳು ಕೆಂಪು ಬಿಲ್ಲೆಯನ್ನು ಕೇಳಿ ತೆಗೆದುಕೊಂಡಳು. 5 ಸೆಂಟಿಮೀಟರಿನ ಒಂದು ಚೌಕ ಬರೆದು, ನಾಲ್ಕೂ ಕಡೆ 4 ಮಿಲಿಮೀಟರ್ ಅಗಲದ ಪಟ್ಟಿ ಎಳೆದು, ಒಂದು ಪಟ್ಟಿಯ ಆಚೆಗೆ ಇನ್ನೊಂದು ಚೌಕ ಸೇರಿಸಿದಳು. ಅಷ್ಟು ಸಣ್ಣ ಪಟ್ಟಿಯನ್ನು ಮಡಿಸುವಾಗ ಮೊದಲ ಹಾಳೆ ಹರಿಯಿತು. ಎರಡನೆಯದು ಸರಿಯಾಗಿ ಕೂತಿತು.

ಹೊದಿಕೆ ತೋರಿಸಲು ಬಂದವಳು ಉಳಿದ ಕಾಗದದ ಚೂರನ್ನು ಎತ್ತಿ ಹಿಡಿದು, "ಟೀಚರ್, ಈ ಕಾಗದಕ್ಕೂ ದಪ್ಪ ಇದೆಯಲ್ವಾ?" ಎಂದು ಕೇಳಿದಳು. ಈ ಸಲ ನಾನು ಗಡಿಯಾರ ನೋಡಲಿಲ್ಲ. ಕಚೇರಿಯಿಂದ ನೂರು ಹಾಳೆಗಳನ್ನು ತಂದು ಒಂದರ ಮೇಲೊಂದು ಜೋಡಿಸಿ ಅಳೆಯಲು ಹೇಳಿದೆ. ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಬಂತು. "ಹಾಗಾದ್ರೆ ಒಂದೊಂದು ಹಾಳೇನೂ ಆಯತಘನ. ಆಯತ ಎಲ್ಲಿದೆ?" ಎಂದಳು. ಅವಳ ಅಂಗೈಯನ್ನು ಕಟ್ಟಿನ ಮೇಲಿರಿಸಿ, "ಇಲ್ಲಿ, ಇದರ ಮೇಲ್ಮೈ" ಎಂದೆ. ಅವಳು ಮೇಲಿನ ಹಾಳೆಯನ್ನು ತೆಗೆದು ಪಕ್ಕಕ್ಕಿಟ್ಟು, ಉಳಿದ ಕಟ್ಟಿನ ಮೇಲೆ ಅಂಗೈ ಇಟ್ಟು ನೋಡಿದಳು. ಇನ್ನೊಂದು ಹಾಳೆ ತೆಗೆದು ಮತ್ತೆ ಇಟ್ಟು ನೋಡಿದಳು. ಗಂಟೆ ಹೊಡೆದು ಮಕ್ಕಳೆಲ್ಲ ಹೊರಗೆ ಓಡಿದ ಮೇಲೂ ಅವಳು ಹಾಳೆ ತೆಗೆಯುತ್ತಲೇ ಇದ್ದಳು.