ಅಡ್ಮಿನ್ ಪಾಸ್‌ವರ್ಡ್ ಚೀಟಿಯಲ್ಲಿ ಬರೆದಿಡಿ, ಪರವಾಗಿಲ್ಲ

ನೆಂಟರಲ್ಲಿ ಯಾರ ಮನೆಗೆ ಹೊಸ ರೂಟರ್ ಬಂದರೂ ಫೋನ್ ಬರುವುದು ನನಗೇ. ವೈಫೈ ಪಾಸ್‌ವರ್ಡ್ ಬದಲಿಸಿಕೊಡು ಅನ್ನುತ್ತಾರೆ. ಬದಲಿಸೋಣ. ಆದರೆ ಸೆಟ್ಟಿಂಗ್ಸ್ ಪುಟ ತೆರೆಯಲು ಇನ್ನೊಂದು ಪಾಸ್‌ವರ್ಡ್ ಇರುತ್ತದೆ, ಅಡ್ಮಿನ್ ಪಾಸ್‌ವರ್ಡ್. ಅದರ ಬಗ್ಗೆ ಯಾರೂ ಕೇಳುವುದೇ ಇಲ್ಲ. ವೈಫೈ ಪಾಸ್‌ವರ್ಡನ್ನು ಬಂದವರಿಗೆಲ್ಲ ಕೊಡುತ್ತೇವೆ, ಅಲ್ವಾ? ಆದರೆ ಅಡ್ಮಿನ್ ಪಾಸ್‌ವರ್ಡ್ ಸಿಕ್ಕವನು, ನೀವು ಬ್ಯಾಂಕಿನ ವಿಳಾಸ ಟೈಪ್ ಮಾಡಿದರೆ ನಕಲಿ ಪುಟಕ್ಕೆ ಕಳಿಸಲು ನೋಡಬಹುದು.

ಹಳೆಯ ರೂಟರ್‌ಗಳಲ್ಲಿ ಅಡ್ಮಿನ್ ಪಾಸ್‌ವರ್ಡ್ ಎಷ್ಟೋ ಸಲ ಸುಮ್ನೆ ‘ಅಡ್ಮಿನ್’ ಅಂತಲೇ ಇರುತ್ತದೆ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ (ಕೇಡು ಮಾಡುವ ಪ್ರೋಗ್ರಾಂ) ಇಂಟರ್ನೆಟ್‌ಗೆ ಜೋಡಿಸಿದ ಲಕ್ಷಗಟ್ಟಲೆ ಕ್ಯಾಮೆರಾ, ರೂಟರ್‌ಗಳೊಳಗೆ ನುಗ್ಗಿತು. ಅದಕ್ಕೆ ದೊಡ್ಡ ಜಾಣತನವೇನೂ ಬೇಕಾಗಲಿಲ್ಲ. ಕಂಪನಿಗಳು ಹಾಕಿ ಕಳಿಸಿದ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಹಾಕಿ ನೋಡಿತು, ಅಷ್ಟೇ.

ನನಗೆ ಜಾಸ್ತಿ ಸಿಟ್ಟು ಬರುವುದು ಡಬ್ಲ್ಯುಪಿಎಸ್ ಮೇಲೆ. ಉದ್ದದ ಪಾಸ್‌ವರ್ಡ್ ಇಲ್ಲದೆ ವೈಫೈಗೆ ಸೇರಲು ಸುಲಭವಾಗಲಿ ಅಂತ ಕೊಟ್ಟ 8 ಅಂಕಿಯ ಪಿನ್ ಅದು. 8 ಅಂಕಿ ಎಂದರೆ ಹತ್ತು ಕೋಟಿ ಸಾಧ್ಯತೆ ಅನ್ನಿಸುತ್ತದೆ. ಆದರೆ ಮೊದಲ 4 ಅಂಕಿ ಸರಿಯೋ ತಪ್ಪೋ ಎಂದು ರೂಟರ್ ಬೇರೆಯಾಗಿ ಹೇಳಿಬಿಡುತ್ತದೆ. ಅಲ್ಲಿಗೆ 10,000 ಸಾಧ್ಯತೆ. ಉಳಿದ ನಾಲ್ಕರಲ್ಲಿ ಕೊನೆಯದು ಹಿಂದಿನ ಅಂಕಿಗಳ ಲೆಕ್ಕದಿಂದ ಬರುವಂಥದ್ದು, ಹಾಗಾಗಿ ಇನ್ನು 1,000. ಹತ್ತು ಕೋಟಿ ಹೋಗಿ ಹನ್ನೊಂದು ಸಾವಿರವಾಯಿತು! ಇದು 2011ರಲ್ಲೇ ಬಯಲಾಗಿದೆ. ಸೆಟ್ಟಿಂಗ್ಸ್‌ನಲ್ಲಿ ಆ ಪಿನ್ ಕಂಡರೆ ಮೊದಲು ಆಫ್ ಮಾಡಿ.

ವೈಫೈಗೆ ನಾನು ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿ ಕೊಡುತ್ತೇನೆ. ಅಜ್ಜಿಗೂ ನೆನಪಿರುತ್ತದೆ. 63 ಅಕ್ಷರದವರೆಗೆ ಜಾಗವಿದೆ, ಜಿಪುಣತನ ಬೇಡ. ನಿಮ್ಮ ರೂಟರ್‌ನಲ್ಲಿ ಡಬ್ಲ್ಯುಪಿಎ2 ಎಂಬ ಹಳೆಯ ವೈಫೈ ಭದ್ರತಾ ವಿಧಾನ ಇದ್ದರೆ ಉದ್ದ ಇನ್ನೂ ಮುಖ್ಯ. ಯಾವುದಾದರೂ ಫೋನ್ ವೈಫೈಗೆ ಸೇರುವಾಗಿನ ಮಾತುಕತೆಯನ್ನು ಹೊರಗಿನವನು ಹಿಡಿದುಕೊಂಡು ಹೋಗಿ, ತನ್ನ ಕಂಪ್ಯೂಟರಿನಲ್ಲಿ ಆರಾಮವಾಗಿ ಊಹಿಸುತ್ತಾ ಕೂರಬಹುದು. ಅದರ ನಂತರ ಬಂದ ಡಬ್ಲ್ಯುಪಿಎ3ರಲ್ಲಿ ಪ್ರತಿ ಊಹೆಗೂ ರೂಟರನ್ನೇ ಕೇಳಬೇಕು. ಹಳೆಯ ಸಾಧನಗಳು ಅದಕ್ಕೆ ಸೇರದಿದ್ದರೆ ಎರಡೂ ಕೂಡಿದ ಮೋಡ್ ಇಡಿ.

ಅಡ್ಮಿನ್ ಪಾಸ್‌ವರ್ಡ್ ಬೇರೆಯೇ ಇರಲಿ. ಅದನ್ನು ಚೀಟಿಯಲ್ಲಿ ಬರೆದು ಬೀರುವಿನಲ್ಲಿಡಿ. ‘ಬರೆಯಲೇಬಾರದು’ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ದೂರದಲ್ಲಿ ಕೂತ ಕಳ್ಳನಿಗೆ ನಿಮ್ಮ ಬೀರು ಕಾಣುವುದಿಲ್ಲ. ರೂಟರ್ ಮೇಲೆ ಅಂಟಿಸಬೇಡಿ, ಅಷ್ಟೇ.

ಮನೆಯಲ್ಲಿ ವೈಫೈ ಕ್ಯಾಮೆರಾ ಇದ್ದರೆ ಅದರ ಆ್ಯಪಿನಲ್ಲಿ ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆಗೆ ಫೋನಿನಲ್ಲಿ ಸಿಗುವ ಕೋಡನ್ನೂ ಕೇಳುವುದು) ಹಾಕಿ. ಆಗ ಆ್ಯಪ್ ಬ್ಯಾಕಪ್ ಕೋಡ್‌ಗಳನ್ನು, ಅಂದರೆ ಫೋನ್ ಇಲ್ಲದಾಗ ಬಳಸುವ ಬದಲಿ ಕೋಡ್‌ಗಳನ್ನು, ಕೊಟ್ಟರೆ ಅವನ್ನೂ ಅದೇ ಚೀಟಿಯ ಹಿಂದೆ ಬರೆದುಕೊಳ್ಳಿ. ಫೋನ್ ಕಳೆದುಹೋದರೆ ಬೇಕಾಗುತ್ತವೆ.