ಎಸ್‌ಎಸ್‌ಡಿ ಸ್ಲೋ ಅಂತ ಬಂದ ಟಿಕೆಟ್ಟು, ತೊಂದ್ರೆ ಇದ್ದಿದ್ದು ಕೇಬಲ್ಲು ಮತ್ತೆ ಮಾನಿಟರ್‌ನಲ್ಲಿ

ಡೆಸ್ಕ್‌ಟಾಪ್ ಸಪೋರ್ಟ್ ಮಾಡೋರಿಗೆ ಗೊತ್ತಿರತ್ತೆ, "ಆನ್ ಆಗ್ತಿಲ್ಲ" ಅಂದ್ರೆ ಎಲ್ರೂ ಓಡಿ ಹೋಗ್ತಾರೆ, "ಸ್ಲೋ ಇದೆ" ಅಂದ್ರೆ ಪಿ4, ಅಂದ್ರೆ ಕಡಿಮೆ ಆದ್ಯತೆ, ಹಾಕಿ ಪಕ್ಕಕ್ಕಿಡ್ತಾರೆ. ನಮ್ಮ ವಿಡಿಯೋ ಟೀಮಿನ ಎಡಿಟರ್ ಒಬ್ರು ಹಾಕಿದ್ದ ಟಿಕೆಟ್‌ಗೂ ಇದೇ ಗತಿ. ಲ್ಯಾಪ್‌ಟಾಪ್‌ಗೆ ಪರದೆ, ಲ್ಯಾನು, ಯುಎಸ್‌ಬಿ ಎಲ್ಲ ಜೋಡಿಸೋ ಹಳೇ ಡಾಕ್‌ಗಳನ್ನೆಲ್ಲ ತೆಗೆದು, ಡಾಕ್ ಒಳಗೇ ಇರೋ ಫೋರ್‌ಕೆ ಮಾನಿಟರ್ ಹಾಕಿದ್ವಿ, ಒಂದೇ ಟೈಪ್-ಸಿ ಕೇಬಲ್‌ನಲ್ಲಿ ಚಾರ್ಜಿಂಗು, ಡಿಸ್‌ಪ್ಲೇ, ಲ್ಯಾನು, ಯುಎಸ್‌ಬಿ ಎಲ್ಲಾ. ಅವರು ಟಿಕೆಟ್‌ನಲ್ಲಿ ಸ್ಪಷ್ಟವಾಗಿ ಬರೆದಿದ್ರು, ಹಳೇ ಡಾಕ್‌ನಲ್ಲಿ ಬೇಗ ಕಾಪಿ ಆಗ್ತಿತ್ತು, ಈಗ ಆಗಲ್ಲ ಅಂತ. ಎಲ್1ನವರು, ಅಂದ್ರೆ ಮೊದಲ ಹಂತದ ಸಪೋರ್ಟ್‌ನವರು, ಡ್ರೈವರ್ ಅಪ್‌ಡೇಟ್ ಮಾಡಿ "ಅಬ್ಸರ್ವೇಷನ್" ಅಂತ ಇಟ್ಟಿದ್ರು.

ಅದು ಎಸ್ಕಲೇಟ್ ಆಗಿ ನನ್ನ ಹತ್ರ ಬಂದ ದಿನ ನಾಲ್ಕು ಗಂಟೆಗೆ ಕ್ಲೈಂಟ್ ರಿವ್ಯೂ. ಮಾನಿಟರ್‌ಗೆ ಹಾಕಿದ್ದ ಪೋರ್ಟಬಲ್ ಎಸ್‌ಎಸ್‌ಡಿಯಲ್ಲಿ 180 ಜಿಬಿ ಫೂಟೇಜ್, ಲ್ಯಾಪ್‌ಟಾಪ್‌ಗೆ ಕಾಪಿ ಆಗ್ಬೇಕು. ನಾನು ಅವರ ಟೇಬಲ್‌ಗೆ ಹೋದಾಗ ಮೂರು ಗಂಟೆ ದಾಟಿತ್ತು, ಕಾಪಿ ವಿಂಡೋದಲ್ಲಿ ಸೆಕೆಂಡ್‌ಗೆ 38 ಎಂಬಿ, ಹಸಿರು ಗ್ರಾಫು ಗೆರೆ ಎಳೆದ ಹಾಗೆ ಒಂದೇ ಸಮ, ಮೇಲೂ ಹೋಗಲ್ಲ ಕೆಳಗೂ ಬರಲ್ಲ. ಆ ಗ್ರಾಫೇ ಎಲ್ಲ ಹೇಳ್ತಿತ್ತು. ಡಿಸ್ಕ್ ಸುಸ್ತಾದ್ರೆ ಅಥ್ವಾ ಆಂಟಿವೈರಸ್ ಅಡ್ಡ ಬಂದ್ರೆ ಸ್ಪೀಡು ಏರಿಳಿತ ಆಗತ್ತೆ, ಹಿಂಗೆ 35-40ರ ಹತ್ರ ನೆಟ್ಟಗೆ ನಿಂತ್ರೆ ಅದು ಯುಎಸ್‌ಬಿ 2.0, ಅಂದ್ರೆ 480 ಎಂಬಿಪಿಎಸ್ ಲಿಂಕ್ (ಇದು ಮೆಗಾಬಿಟ್ ಲೆಕ್ಕ, ಎಂಟು ಬಿಟ್‌ಗೆ ಒಂದು ಬೈಟು).

ನನಗೂ ಡೌಟ್ ಬಂದಿದ್ದು ಅಲ್ಲೇ, ಹಂಗಾಗಿ ಅವರನ್ನ ಕೇಳಿ ಕಾಪಿ ಕ್ಯಾನ್ಸಲ್ ಮಾಡಿ, ಮಾನಿಟರ್ ಬಿಟ್ಟು ಎಸ್‌ಎಸ್‌ಡಿನ ನೇರ ಲ್ಯಾಪ್‌ಟಾಪಿನ ಎರಡನೇ ಟೈಪ್-ಸಿ ಪೋರ್ಟ್‌ಗೆ ಹಾಕಿದೆ. ಎಸ್‌ಎಸ್‌ಡಿ ಜೊತೆ ಬಂದಿದ್ದ ಕೇಬಲ್ಲಿನ ಇನ್ನೊಂದು ತುದಿ ಟೈಪ್-ಎ, ಈ ಲ್ಯಾಪ್‌ಟಾಪಲ್ಲಿ ಆ ಪೋರ್ಟೇ ಇಲ್ಲ, ಟೇಬಲ್ ಮೇಲೆ ಫೋನ್ ಚಾರ್ಜರಿನ ಬಿಳಿ ಸಿ-ಟು-ಸಿ ಕೇಬಲ್ ಬಿದ್ದಿತ್ತು, ಅದನ್ನೇ ಹಾಕಿದೆ. ಸ್ಪೀಡ್ 40. ಹಂಗಾದ್ರೆ ಮಾನಿಟರ್‌ದು ತಪ್ಪಿಲ್ಲ, ಎಸ್‌ಎಸ್‌ಡಿನೋ ಆಂಟಿವೈರಸ್ಸೋ ಇರ್ಬೇಕು ಅಂತ ಸೆಕ್ಯುರಿಟಿ ಟೀಮ್‌ಗೆ ಫೋನ್ ಹಚ್ಚಿದೆ. ಎಸ್‌ಎಸ್‌ಡಿನ ಸ್ಕ್ಯಾನ್‌ನಿಂದ ಬಿಡೋ ಎಕ್ಸ್‌ಕ್ಲೂಷನ್ ಹಾಕೋಕೆ ಅವರ ಮ್ಯಾನೇಜರ್ ಅಪ್ರೂವಲ್ ಬೇಕಂತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಅದೇ ನಡೀತಿತ್ತು. ಪಕ್ಕದಲ್ಲಿ ಎಡಿಟರ್ ಒಂದು ಮಾತೂ ಆಡದೆ ಗಡಿಯಾರ ನೋಡ್ತಾ ಕೂತಿದ್ರು. ಅವರ ಕಾಪಿನ ಹಾಗೇ ಬಿಟ್ಟಿದ್ರೆ ನಿಧಾನಕ್ಕಾದ್ರೂ ನಾಲ್ಕರ ಹೊತ್ತಿಗೆ ಮುಗೀತಿತ್ತು, ಅದು ನನಗೆ ಈಗ್ಲೂ ಚುಚ್ಚತ್ತೆ.

ಅಪ್ರೂವಲ್ ಕಾಯ್ತಾ, ಯಾವ ಡಿವೈಸ್ ಎಷ್ಟು ಸ್ಪೀಡಲ್ಲಿ ಕೂತಿದೆ ಅಂತ ತೋರಿಸೋ ಯುಎಸ್‌ಬಿ ಟ್ರೀ ವ್ಯೂವರ್ ತೆಗೆದೆ. ಎಸ್‌ಎಸ್‌ಡಿ ಸೂಪರ್‌ಸ್ಪೀಡ್ (ಯುಎಸ್‌ಬಿ 3) ಮಾಡಬಲ್ಲದು ಅಂತ ತೋರಿಸ್ತಿದೆ, ಆದ್ರೆ ಓಡ್ತಿರೋದು ಹೈ-ಸ್ಪೀಡ್‌ನಲ್ಲಿ (ಹೆಸರು ಹಂಗಿದ್ರೂ ಅದು 2.0), ಅದೂ ನೇರ ಲ್ಯಾಪ್‌ಟಾಪ್ ಪೋರ್ಟ್‌ನಲ್ಲಿ. ಅಂದ್ರೆ ಈ ಬಿಳಿ ಕೇಬಲ್ಲೇ 2.0! ಚಾರ್ಜಿಂಗ್‌ಗೆ ಅಂತ ಬರೋ ಸಿ-ಟು-ಸಿ ಕೇಬಲ್‌ಗಳಲ್ಲಿ ತುಂಬಾ ಸಲ ಸೂಪರ್‌ಸ್ಪೀಡ್ ತಂತಿಗಳೇ ಇರಲ್ಲ, ಪವರ್ ಎಷ್ಟೇ ವಾಟ್ ಹೋಗ್ಲಿ ಡೇಟಾ 480ಕ್ಕೇ ಸೀಮಿತ, ಹೊರಗಿಂದ ನೋಡಿದ್ರೆ ಒಂದು ಗುರುತೂ ಇರಲ್ಲ. ಕ್ಯಾಮೆರಾ ರೂಮಿಂದ 10, ಅಂದ್ರೆ 10 ಜಿಬಿಪಿಎಸ್, ಅಂತ ಪ್ರಿಂಟ್ ಇರೋ ಗಿಡ್ಡ ಕೇಬಲ್ ತಂದು ಹಾಕಿದ ತಕ್ಷಣ ಸ್ಪೀಡ್ ನಾಲ್ಕುನೂರು ದಾಟ್ತು. ಒಂದು ಗಂಟೆ ಮೇಲೆ ಹಿಡಿಯೋ ಕಾಪಿ ಎಂಟು ನಿಮಿಷದೊಳಗೆ ಮುಗೀತು, ರಿವ್ಯೂ ಟೈಮ್‌ಗೆ ಶುರುವಾಯ್ತು.

ಆದ್ರೆ ಮಾನಿಟರ್‌ನಲ್ಲಿ ಯಾಕೆ 38 ಬರ್ತಿತ್ತು? ಅದರ ಕೇಬಲ್ ಸರಿಯಾಗಿತ್ತು, ಅದು ಬೇರೆಯೇ ಕಥೆ. ಟೈಪ್-ಸಿ ಕೇಬಲ್‌ನಲ್ಲಿ ಜಾಸ್ತಿ ವೇಗದ ಲೇನ್, ಅಂದ್ರೆ ಡೇಟಾ ಹೋಗೋ ದಾರಿ, ಇರೋದು ನಾಲ್ಕೇ. ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್‌ನಲ್ಲಿ, ಅಂದ್ರೆ ಟೈಪ್-ಸಿಯಲ್ಲೇ ಪರದೆಯ ಸಿಗ್ನಲ್ ಕಳಿಸುವಾಗ, ಎರಡನ್ನ ಪರದೆಗೆ, ಎರಡನ್ನ ಯುಎಸ್‌ಬಿ 3ಕ್ಕೆ ಹಂಚಬಹುದು, ಇಲ್ಲಾಂದ್ರೆ ನಾಲ್ಕನ್ನೂ ಪರದೆಗೇ ಕೊಡಬಹುದು, ಆಗ ಡೇಟಾಗೆ ಉಳಿಯೋದು 2.0ದ ಹಳೇ ಜೋಡಿ ತಂತಿ ಮಾತ್ರ. ನಮ್ಮ ಲ್ಯಾಪ್‌ಟಾಪ್‌ಗಳು ಲೇನ್‌ಗೆ 5.4 ಜಿಬಿಪಿಎಸ್ ಕೊಡೋ ತಲೆಮಾರಿನವು, ಎನ್‌ಕೋಡಿಂಗ್‌ಗೆ ಹೋಗೋದು ಕಳೆದ್ರೆ ಎರಡು ಲೇನ್‌ನಲ್ಲಿ ಕೈಗೆ ಸಿಗೋದು 8.64, ಫೋರ್‌ಕೆ 60 ಹರ್ಟ್ಸ್‌ಗೆ ಹತ್ತಿರ ಹತ್ತಿರ 12.5 ಬೇಕು. ಮಾನಿಟರ್ ಮೆನುವಿನಲ್ಲಿ ಯುಎಸ್‌ಬಿ-ಸಿ ಪ್ರಯಾರಿಟಿ ಅಂತ ಒಂದು ಸೆಟ್ಟಿಂಗು, ಅದು "ಹೈ ರೆಸಲ್ಯೂಷನ್"ನಲ್ಲಿತ್ತು. "ಹೈ ಡೇಟಾ ಸ್ಪೀಡ್"ಗೆ ಹಾಕಿದ್ರೆ ಡಿಸ್ಕ್ ಓಡತ್ತೆ, ಪರದೆ 30 ಹರ್ಟ್ಸ್‌ಗೆ ಇಳಿಯತ್ತೆ, ಮೌಸ್ ಎಳೆದ್ರೆ ಕಣ್ಣಿಗೇ ಗೊತ್ತಾಗತ್ತೆ, ಎಡಿಟಿಂಗ್ ಮಾಡೋರಿಗೆ ಅದು ಆಗೋ ಮಾತಲ್ಲ.

ಪರ್ಚೇಸ್‌ನವರು ಸ್ಪೆಕ್ ಶೀಟ್‌ನಲ್ಲಿ ಫೋರ್‌ಕೆ 60 ಇದೆ, ಯುಎಸ್‌ಬಿ 3 ಹಬ್ ಇದೆ ಅಂತ ಟಿಕ್ ಹಾಕಿ ತಗೊಂಡಿದ್ರು. ಎರಡೂ ಇದೆ, ನಮ್ಮ ಲ್ಯಾಪ್‌ಟಾಪ್‌ಗೆ ಒಟ್ಟಿಗೆ ಸಿಗಲ್ಲ ಅಷ್ಟೇ. ಆರ್ಡರ್ ಹಾಕೋ ಮುಂಚೆ ಸಪೋರ್ಟ್‌ಗೆ ಒಂದು ಡೆಮೋ ಪೀಸ್ ಕೊಟ್ಟು, ಒಂದು ದೊಡ್ಡ ಫೈಲ್ ಕಾಪಿ ಮಾಡಿ ನೋಡಿ ಅಂದಿದ್ರೆ ಅವತ್ತೇ ಗೊತ್ತಾಗ್ತಿತ್ತು. ಎಷ್ಟೋ ಜನ ಇದನ್ನ ಅನುಭವಿಸ್ಕೊಂಡು ಸುಮ್ನಿದ್ರು, ಟಿಕೆಟ್ ಹಾಕಿದ ಒಬ್ರ ಮಾತನ್ನೂ ನಾವು ಸರಿಯಾಗಿ ಓದಿರಲಿಲ್ಲ.

ಈಗ ಯುಎಸ್‌ಬಿ ಸ್ಲೋ ಅಂತ ಬಂದ್ರೆ ನಾನು ಮೊದಲು ನೋಡೋದು ಲಿಂಕ್ ಎಷ್ಟಕ್ಕೆ ಕೂತಿದೆ ಅಂತ. ಲಿನಕ್ಸ್ ಮಷೀನಾದ್ರೆ ಎಲ್‌ಎಸ್‌ಯುಎಸ್‌ಬಿ ಅನ್ನೋ ಕಮಾಂಡ್‌ಗೆ ಟಿ ಆಪ್ಷನ್ ಕೊಟ್ರೆ ಸಾಕು, 480 ಇದೆಯೋ 5000 ಇದೆಯೋ ಒಂದೇ ಸಾಲಲ್ಲಿ ಕಾಣತ್ತೆ. ಅದಾದ್ಮೇಲೆ, ಸ್ಪೀಡ್ ಗೊತ್ತಿರೋ ಒಂದು ಕೇಬಲ್, ಅದು ನನ್ನ ಬ್ಯಾಗಲ್ಲೇ ಇರತ್ತೆ, ಟೇಬಲ್ ಮೇಲೆ ಸಿಕ್ಕಿದ್ದನ್ನ ಟೆಸ್ಟ್‌ಗೆ ಮುಟ್ಟಲ್ಲ. ವಿಡಿಯೋ ಟೀಮ್‌ಗೆ ಮಾನಿಟರ್ 60 ಹರ್ಟ್ಸ್‌ನಲ್ಲೇ ಬಿಟ್ಟು ಎಸ್‌ಎಸ್‌ಡಿ ನೇರ ಲ್ಯಾಪ್‌ಟಾಪ್‌ಗೆ ಹಾಕಿ ಅಂದಿದೀವಿ, ಅಕೌಂಟ್ಸ್‌ನಲ್ಲಿ ಕ್ಯೂಎಚ್‌ಡಿ (1440ಪಿ) ರೆಸಲ್ಯೂಷನ್ ಇಟ್ಕೊಂಡವರಿಗೆ ಹೈ ಡೇಟಾ ಸ್ಪೀಡ್ ಹಾಕಿದ್ವಿ, 1440ಪಿ 60 ಹರ್ಟ್ಸ್ ಎರಡು ಲೇನ್‌ನಲ್ಲೇ ಆರಾಮಾಗಿ ಹೋಗತ್ತೆ. ಪರದೆ, ಡೇಟಾ ಎರಡಕ್ಕೂ ಒಟ್ಟಿಗೆ ಸಾಕಾಗೋ ಥಂಡರ್‌ಬೋಲ್ಟ್ ಪೋರ್ಟ್ ಇರೋ ಲ್ಯಾಪ್‌ಟಾಪು, ಅದಕ್ಕೆ ತಕ್ಕ ಡಾಕು ಬೇಕು ಅಂತ ಎಡಿಟರ್‌ಗಳ ಪರವಾಗಿ ರಿಕ್ವೆಸ್ಟ್ ಹಾಕಿದೀನಿ, ಜೊತೆಗೆ ಆ 38 ಎಂಬಿ ಗ್ರಾಫಿನ ಸ್ಕ್ರೀನ್‌ಶಾಟ್ ಅಟ್ಯಾಚ್ ಮಾಡಿದೀನಿ.