ಒದ್ದೆ ಹಾಸಿಗೆ ಹೇಳಿದ್ದು

ಮೂರು ರಾತ್ರಿಗಳಿಂದ ಮಗಳ ಹಾಸಿಗೆ ಒದ್ದೆಯಾಗುತ್ತಿತ್ತು. ಡೈಪರ್ ಕಂಪನಿಯನ್ನೇ ಬದಲಿಸೋಣವೆಂದುಕೊಂಡಿದ್ದೆ. ಇಂದು ಬೆಳಿಗ್ಗೆ ಸ್ನಾನಕ್ಕೆಂದು ಬಿಚ್ಚಿದಾಗ ತೊಡೆಯ ಸಂದಿನಲ್ಲಿ ಎಲಾಸ್ಟಿಕ್ಕಿನ ಕೆಂಪು ಗೆರೆ ಕಂಡಿತು. ಬೆರಳಿನಿಂದ ಸವರಿದೆ, ಕರುಳು ಚುರುಕ್ಕೆಂದಿತು. ತೂಕ ನೋಡಿದರೆ 9 ಕಿಲೋ ದಾಟಿದ್ದಾಳೆ!

ಪೊಟ್ಟಣದ ಮೇಲೆ ಬರೆದಿರುವ ತೂಕದ ಪ್ರಕಾರ ಹಳೆಯ ಅಳತೆಯೂ ಆಗುತ್ತದೆ, ಮುಂದಿನದೂ ಆಗುತ್ತದೆ. ಇಂಥ ಹೊತ್ತಿನಲ್ಲಿ ಅಂಕಿಗಿಂತ ಮಗುವಿನ ತೊಡೆಯನ್ನೇ ನಂಬಬೇಕು ಎನ್ನುತ್ತೇನೆ ನಾನು. ಗೆರೆ ಮೂಡುತ್ತಿದ್ದರೆ, ಸೊಂಟದ ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗದಿದ್ದರೆ ದೊಡ್ಡದಕ್ಕೆ ಬದಲಿಸುವ ಕಾಲ ಬಂದಿದೆ. ಹಾಗೆಂದು ತೀರಾ ದೊಡ್ಡದನ್ನು ತಂದರೂ ತೊಡೆಯ ಬಳಿ ಸಂದು ಬಿಟ್ಟು ಸೋರುತ್ತದೆ. ಒಳಗಿನ ಹೀರುವ ಕಣಗಳು ಮೂತ್ರವನ್ನು ಕುಡಿದು ಲೋಳೆಯಂತೆ ಉಬ್ಬುತ್ತವೆ, ಹಾಗಾಗಿ ರಾತ್ರಿಯ ಡೈಪರ್ ಬಿಗಿಯಾಗಿರಬಾರದು.

ಇನ್ನೊಂದು ಸಂಗತಿ. ತೊಡೆಯ ಸುತ್ತಲಿನ ತೆಳುವಾದ ನೆರಿಗೆ ಒಳಕ್ಕೆ ಮಡಚಿಕೊಂಡಿದ್ದರೆ ಎಷ್ಟು ಒಳ್ಳೆಯ ಡೈಪರ್ ಆದರೂ ಸೋರಿಯೇ ಸೋರುತ್ತದೆ. ಕಟ್ಟಿದ ಮೇಲೆ ಸುತ್ತಲೂ ಬೆರಳಾಡಿಸಿ ಅದನ್ನು ಹೊರಕ್ಕೆ ಎಳೆದುಬಿಡಿ.

ಮೊನ್ನೆ ಮೊನ್ನೆ ಅಂಗೈಯಗಲದ ಡೈಪರಿನಲ್ಲಿ ಮುಳುಗಿಹೋಗುತ್ತಿದ್ದವಳು ಇವಳು. ದಿನವೂ ಎತ್ತಿಕೊಂಡಿರುವ ಕೈಗೆ ಅವಳು ಬೆಳೆದದ್ದು ತಿಳಿಯಲೇ ಇಲ್ಲ. ಉಳಿದ ಹಳೆಯ ಡೈಪರ್‌ಗಳನ್ನು ತಂಗಿಯ ಪುಟ್ಟ ಮಗುವಿಗೆಂದು ಎತ್ತಿಟ್ಟಿದ್ದೇನೆ. ಒಂದನ್ನು ಮಾತ್ರ ಕೊಡಲು ಮನಸ್ಸಾಗಲಿಲ್ಲ.